ಪಿಸ್ತೂಲಿನ ಮೇಲ್ಖರ್ಚು

ಮಹೇಂದ್ರನಿಗೆ ಪಿಸ್ತೂಲಿನ ಆಸೆ ಹುಟ್ಟಿದ್ದು ಯಾವ ಕಳ್ಳನ ಭಯದಿಂದಲೂ ಅಲ್ಲ, ಹೋಳಿಗೆಯಿಂದ.

ಹರಿಹರದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಅವನ ಪಕ್ಕಕ್ಕೆ ಷಡ್ಡಕ ಶಿವಮೂರ್ತಿ ಕೂತಿದ್ದ, ಅಂದರೆ ಹೆಂಡತಿಯ ಅಕ್ಕನ ಗಂಡ. ಕೂರುವಾಗ ಶಿವಮೂರ್ತಿಯ ಅಂಗಿ ಸ್ವಲ್ಪ ಮೇಲೆ ಸರಿದು ಸೊಂಟದ ಚರ್ಮದ ಚೀಲದಿಂದ ಪಿಸ್ತೂಲಿನ ಹಿಡಿ ಇಣುಕಿತು. ತಾನಾಗಿ ಸರಿಯಿತೋ ಅವನೇ ಸರಿಸಿದನೋ, ದೇವರೇ ಬಲ್ಲ. ಬಡಿಸುವವನು ಅದನ್ನು ನೋಡಿದ್ದೇ ತಡ, ಕೇಳದಿದ್ದರೂ ಶಿವಮೂರ್ತಿಯ ಎಲೆಗೆ ಎರಡನೇ ಹೋಳಿಗೆ ಬಂತು, ಅದರ ಮೇಲೆ ಧಾರಾಳವಾಗಿ ತುಪ್ಪ ಬಂತು. ಮಹೇಂದ್ರನ ಎಲೆಯನ್ನು ಮಾತ್ರ ಅವನು ಸಣ್ಣ ಸ್ಟೇಷನ್ನು ದಾಟುವ ಎಕ್ಸ್‌ಪ್ರೆಸ್ ರೈಲಿನಂತೆ ದಾಟಿ ಹೋದ.

ಮಹೇಂದ್ರನೇನು ಕಡಿಮೆ ಆಸಾಮಿಯಲ್ಲ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಸ್ವಂತ ಮನೆ, ಕರೂರು ಕೈಗಾರಿಕಾ ಪ್ರದೇಶದಲ್ಲಿ ಪೇಪರ್ ತಟ್ಟೆ ಮಾಡುವ ಕಾರ್ಖಾನೆ. ಆದರೆ ಅವನನ್ನು ಕಂಡರೆ ಯಾರಿಗೂ ಹೆದರಿಕೆಯಿರಲಿಲ್ಲ. ಮನೆ ಮುಂದೆಯೇ ಆಟೋದವರು ಹಾರ್ನ್ ಹೊಡೆದು ಅವನ ಕಾರನ್ನು ಪಕ್ಕಕ್ಕೆ ಹಾಕಿಸುತ್ತಿದ್ದರು. ‘ಮಹೇಂದ್ರಣ್ಣ ಒಳ್ಳೇರು’ ಎಂದು ಜನ ಹೇಳಿದರೆ ಅವನ ಕಿವಿಗೆ ಅದು ಬೈಗುಳದ ಹಾಗೆ ಕೇಳಿಸುತ್ತಿತ್ತು. ನಲವತ್ತು ದಾಟಿದ ಮೇಲೆ ಗಂಡಸರಿಗೆ ಇಂಥದೊಂದು ಕಾಯಿಲೆ ಬರುವುದುಂಟು. ಕೆಲವರು ಬುಲೆಟ್ ಬೈಕು ಕೊಂಡು ವಾಸಿ ಮಾಡಿಕೊಳ್ಳುತ್ತಾರೆ.

ಏನೇ ಕೊಂಡರೂ ಖರ್ಚನ್ನು ಮೊದಲೇ ಅಂದಾಜು ಮಾಡುವುದು ಮಹೇಂದ್ರನ ಸ್ವಭಾವ. ಒಂದು ತಟ್ಟೆಗೆ ಎಷ್ಟು ಪೈಸೆಯ ವಿದ್ಯುತ್ ಹಿಡಿಯುತ್ತದೆಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವವನು. ಖರ್ಚೆಂದರೆ ಪಿಸ್ತೂಲಿನ ಬೆಲೆಯೊಂದೇ ಅಲ್ಲ ಎಂಬುದು ಅವನಿಗೆ ಬೇಗ ತಿಳಿಯಿತು. ಲೈಸೆನ್ಸಿನ ಶುಲ್ಕ, ತರಬೇತಿಯ ಸರ್ಟಿಫಿಕೇಟು, ಗೋಡೆಗೆ ಬೋಲ್ಟು ಹೊಡೆದು ಕೂರಿಸುವ ಕಬ್ಬಿಣದ ಪೆಟ್ಟಿಗೆ, ಗುಂಡು, ಸೊಂಟದ ಚೀಲ, ನವೀಕರಣಕ್ಕೆ ಓಡಾಟ, ಚುನಾವಣೆ ಬಂದಾಗ ಠಾಣೆಯಲ್ಲಿ ಇಟ್ಟು ಆಮೇಲೆ ಬಿಡಿಸಿಕೊಂಡು ಬರುವ ತಾಪತ್ರಯ. ಎಲ್ಲವನ್ನೂ ಮೊಬೈಲಿನಲ್ಲಿ ಕೂಡಿಸುತ್ತಾ ಹೆಂಡತಿ ಭಾಗ್ಯಲಕ್ಷ್ಮಿಗೆ ಕೇಳಿಸುವಂತೆ ಓದಿದ.

"ಆಯುಧ ಪೂಜೆಗೆ ಬೂದುಗುಂಬಳ ಬಿಟ್ಟೀರಲ್ರೀ" ಎಂದಳು ಅವಳು, ಹುರುಳಿಕಾಯಿ ಮುರಿಯುತ್ತಾ.

ಮಹೇಂದ್ರ ಅದನ್ನೂ ಸೇರಿಸಿದ. ಅವಳು ನಕ್ಕಳು. "ಹಲ್ಲಿ ಕಂಡ್ರೆ ನನ್ನ ಕೂಗ್ತೀರಿ. ಪಿಸ್ತೂಲು ತಗೊಂಡು ಯಾರಿಗೆ ಹೊಡೀತೀರಿ?"

"ಹೊಡಿಯಾಕಲ್ಲ, ಇರ್ಲಿ ಅಂತ" ಎಂದ. ಆದರೆ ಹಾಗೆಂದಾಗ ಅವಳ ಮುಖ ನೋಡಲಿಲ್ಲ. ಆಸೆಯ ಬೇರು ಹೋಳಿಗೆಯಲ್ಲಿದೆ ಎಂದು ಹೇಳಿಕೊಳ್ಳಲು ಯಾರಿಗಾದರೂ ನಾಚಿಕೆಯಾಗುತ್ತದೆ.

ದಾರಿ ತೋರಿಸಲು ಒಪ್ಪಿದವನು ಶಿವಮೂರ್ತಿಯೇ. ಅರ್ಜಿ ಹಾಕುವ ಮುಂಚೆ ಮಹೇಂದ್ರನನ್ನು ಕೂರಿಸಿಕೊಂಡು ಕೇಳಿದ: "ದುಡ್ಡಿನ ಮಾತು ಇರ್ಲಿ ಮಾರಾಯ. ನಿಂಗೆ ಜೀವಭಯ ಐತಾ?"

"ಯಾರಿಂದ ಮೂರ್ತಣ್ಣ?"

"ಅದನ್ನೇ ಕೇಳ್ತಿರಾದು. ಸುಮ್ನೆ ಬೇಕು ಅಂದ್ರೆ ಕೊಡಾಕೆ ಅದೇನು ಟಾರ್ಚಾ? ಇಂಥೋನಿಂದ ಬೆದರಿಕೆ ಐತೆ ಅಂತ ಒಂದು ದೂರು ಇದ್ರೆ ಫೈಲು ಓಡ್ತೈತೆ. ಒಂದು ಹೆಸರು ಬೇಕು."

ಇಷ್ಟೆಲ್ಲ ಲೆಕ್ಕ ಹಾಕಿದವನು ಹೆಸರಿನ ಖರ್ಚನ್ನು ಹಾಕಿರಲಿಲ್ಲ. ಮೊದಲು ನೆನಪಾದದ್ದು ಗಿರಾಕಿಗಳನ್ನು ಕಿತ್ತುಕೊಳ್ಳುವ ಇನ್ನೊಬ್ಬ ತಟ್ಟೆ ಕಾರ್ಖಾನೆಯವನು. ಆದರೆ ಅವನು ತಿರುಗಿ ಬೀಳುತ್ತಾನೆ. ಕಾರು ನಿಲ್ಲಿಸುವ ವಿಷಯಕ್ಕೆ ಕಾದಾಡುವ ಪಕ್ಕದ ಮನೆಯವನ ಅಳಿಯ ವಕೀಲ. ಆಗ ಖಲೀಲ್ ನೆನಪಾದ.

ಖಲೀಲ್ ಹರಿಹರದವನು. ಮಹೇಂದ್ರನ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಫಿಟ್ಟರ್ ಆಗಿ ದುಡಿದು, ಈಗ ಬಿಟ್ಟು, ಹರಿಹರದಲ್ಲೇ ಬಾಡಿಗೆಗೆ ಸಣ್ಣ ಲೇತ್ ಅಂಗಡಿ ಇಟ್ಟುಕೊಂಡಿದ್ದ. ಬಿಡುವ ಮುಂಚೆ ಒಂದು ಜಗಳವಾಗಿತ್ತು. ಕೆಲಸ ಬೇಗ ಸಾಗಲಿ ಎಂದು ಮಹೇಂದ್ರ ಪ್ರೆಸ್ಸಿನ ಮುಂದಿನ ಕಬ್ಬಿಣದ ಜಾಲರಿಯನ್ನು ಬಿಚ್ಚಿಸಿದ್ದ. ತಟ್ಟೆ ಒತ್ತುವ ದುರುಗಮ್ಮನ ಸೆರಗು ಯಂತ್ರದೊಳಗೆ ಸಿಕ್ಕಿಕೊಂಡು, ಅವಳ ಕೈ ಕೂದಲೆಳೆಯ ಅಂತರದಲ್ಲಿ ಉಳಿಯಿತು. ಖಲೀಲ್ ಓಡಿಹೋಗಿ ಮೇನ್ ಸ್ವಿಚ್ ಇಳಿಸಿ ಎಲ್ಲರೆದುರು ಕೂಗಿದ್ದ: "ಇನ್ನೊಂದ್ಸಲ ಜಾಲರಿ ಬಿಚ್ಚಿಸಿ ಯಾರ್ದಾದ್ರೂ ಕೈ ಹೋದ್ರೆ, ನಾ ನಿಮ್ಮನ್ನ ಸುಮ್ನೆ ಬಿಡಲ್ಲ ಸಾವ್ಕಾರ್ರೆ!" ಮಹೇಂದ್ರ ಜಾಲರಿಯನ್ನು ಹಾಕಿಸಿದ. ಆ ಕೂಗನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡ.

ಠಾಣೆಯಲ್ಲಿ ಅವನು ಆ ಮಾತಿನ ಮೊದಲರ್ಧವನ್ನು ನುಂಗಿದ. ‘ನಾ ನಿಮ್ಮನ್ನ ಸುಮ್ನೆ ಬಿಡಲ್ಲ’ ಎಂಬುದನ್ನಷ್ಟೇ ಬರೆಸಿದ. ಆಡಿದ ಮಾತೇ ತಾನೆ, ಸುಳ್ಳೇನಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಖಲೀಲನ ಹೆಸರನ್ನೇ ಯಾಕೆ ಆರಿಸಿದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಹೆಸರು ಹೇಳಿದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಯಾಕೆ ಕೇಳುವುದಿಲ್ಲ ಎಂಬುದೂ ಗೊತ್ತಿತ್ತು. ಪ್ರತಿ ರಂಜಾನಿಗೆ ಖಲೀಲನ ತಾಯಿ ರಹಮತ್ ಬೀ ಕಳಿಸುವ ಕ್ಯಾನಿನ ತುಂಬ ಸುರಕುಂಬಾವನ್ನು, ಆ ಶಾವಿಗೆ ಪಾಯಸವನ್ನು, ದ್ರಾಕ್ಷಿ, ಗೋಡಂಬಿ ಆರಿಸಿಕೊಂಡು ತಿಂದ ಬಾಯಿ ಅದು. ಹೆಸರು ಹೇಳುವಾಗ ತಡವರಿಸಲೂ ಇಲ್ಲ.

"ಕರೆಸಿ ಎರಡು ಮಾತು ಹೇಳಿ ಕಳಿಸ್ತಾರೆ, ಅಷ್ಟೇ" ಎಂದಿದ್ದ ಶಿವಮೂರ್ತಿ. ಮಹೇಂದ್ರ ಅದನ್ನು ನಂಬಿದ. ನಂಬುವುದು ಅನುಕೂಲವಾಗಿತ್ತು.

ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ರಹಮತ್ ಬೀ ಪಿ.ಜೆ. ಬಡಾವಣೆಯ ಮನೆಗೆ ಬಂದಳು. ಭಾಗ್ಯಲಕ್ಷ್ಮಿ "ಒಳಗೆ ಬರ್ರಿ, ಕೂಡ್ರಿ" ಎಂದು ಕೈಹಿಡಿದು ಕರೆದುಕೊಂಡು ಹೋಗಿ ಸೋಫಾದ ಮೇಲೆ ಕೂರಿಸಿದಳು. ಮುದುಕಿ ಸೋಫಾದ ತುದಿಯಲ್ಲಿ ಕೂತಳು. ಪೇಪರ್ ಓದುತ್ತಿದ್ದ ಮಹೇಂದ್ರ ಅದನ್ನು ಮುಖದ ಮುಂದಿನಿಂದ ಇಳಿಸಲಿಲ್ಲ.

"ಖಲೀಲನ್ನ ಸ್ಟೇಷನ್ನಿಗೆ ಕರೆಸಿದ್ರು ಅಕ್ಕಾರೆ" ಎಂದಳು. "ದಿನವೆಲ್ಲ ಕೂರಿಸ್ಕೊಂಡ್ರು. ಯಾರೋ ದಾವಣಗೆರೆಯೋರು ಬರೆಸ್ಯಾರಂತೆ, ಇವನಿಂದ ಜೀವಭಯ ಐತೆ ಅಂತ."

"ಅಯ್ಯೋ! ಖಲೀಲನಿಂದಾ? ಯಾರಂತೆ ಆ ಪುಣ್ಯಾತ್ಮ?"

"ತಿಳ್ಕೊಂಡು ಏನ್ ಮಾಡಾದೈತ್ರಿ" ಎಂದು ರಹಮತ್ ಬೀ ಪೇಪರಿನ ಕಡೆ ನೋಡಿದಳು. "ಈಗ ಹರಿಹರದ ತಾಲ್ಲೂಕು ಕಚೇರಿಯಾಗೆ ಮುಚ್ಚಳಿಕೆ ಬರೆದುಕೊಡಬೇಕಂತೆ, ಯಾರ ತಂಟೆಗೂ ಹೋಗಲ್ಲ ಅಂತ. ಮನೆ ಜಾಗ ಇರೋರು ಒಬ್ರು ಜಾಮೀನು ನಿಲ್ಲಬೇಕಂತೆ. ಅಂಗಡಿ ಮಾಲೀಕರು ಬಾಗ್ಲು ಖಾಲಿ ಮಾಡು ಅಂತಾರೆ. ಹೆಸರು ಒಂದ್ಸಲ ಅವರ ಪಟ್ಟಿಗೆ ಹತ್ತಿದ್ರೆ ಹಬ್ಬಕ್ಕೊಂದ್ಸಲ, ಎಲೆಕ್ಷನ್ನಿಗೊಂದ್ಸಲ ಕರೀತಾನೇ ಇರ್ತಾರಂತೆ. ಸಾವ್ಕಾರ್ರು ಜಾಮೀನು ನಿಂತ್ರೆ ನನ್ನ ಮಗ ಉಳ್ಕೊಂತಾನ್ರಿ."

"ನಿಲ್ತಾರೆ, ನಿಲ್ಲದೆ ಏನು!" ಎಂದಳು ಭಾಗ್ಯಲಕ್ಷ್ಮಿ. "ರೀ, ಕೇಳಿಸ್ತೇನ್ರಿ?"

ಕೇಳಿಸಿತ್ತು. ಮಹೇಂದ್ರನ ಕಿವಿ ಕೆಂಡವಾಗಿತ್ತು. ಹೇಳಿಬಿಡಲು ಅದೇ ಸಮಯವಾಗಿತ್ತು. ಆದರೆ ಪೇಪರ್ ಇಳಿಸಿದರೆ ಹೆಂಡತಿ ಅವನನ್ನು ಹೆಮ್ಮೆಯಿಂದ ನೋಡುತ್ತಿದ್ದಳು. ಆ ನೋಟ ಅವನಿಗೆ ಅಪರೂಪಕ್ಕೆ ಸಿಗುವಂಥದು. "ಆತು, ಬರ್ತೀನಿ" ಎಂದುಬಿಟ್ಟ.

ಆಮೇಲೆ ಒಬ್ಬನೇ ಕೂತು ಯೋಚಿಸಿದಾಗ ಅವನಿಗೆ ಒಂದು ಉಪಾಯ ಹೊಳೆಯಿತು. ನಾಚಿಕೆಗೇಡಿನ ಉಪಾಯ. ದೂರನ್ನು ಹಿಂತೆಗೆದುಕೊಳ್ಳುವುದು ಬೇಡ, ಜಾಮೀನೂ ನಿಲ್ಲೋಣ. ಖಲೀಲನೂ ಉಳಿಯುತ್ತಾನೆ, ಪಿಸ್ತೂಲೂ ಬರುತ್ತದೆ. ದೂರು ಕೊಟ್ಟದ್ದು ದಾವಣಗೆರೆಯಲ್ಲಿ, ಜಾಮೀನು ಹರಿಹರದಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವವರು ಯಾರು? ಮುಚ್ಚಳಿಕೆಯ ಸ್ಟಾಂಪು, ಮನೆ ಕಂದಾಯ ರಸೀದಿಯ ನಕಲು, ಹರಿಹರಕ್ಕೆ ಹೋಗಿಬರುವ ಪೆಟ್ರೋಲು ಎಲ್ಲವನ್ನೂ ಮನಸ್ಸಿನಲ್ಲೇ ಪಿಸ್ತೂಲಿನ ಖರ್ಚಿಗೆ ಸೇರಿಸಿದ. ಇಂಥ ಲೆಕ್ಕ ಹಾಕುವ ಮನುಷ್ಯನಿಗೆ ಏನೆನ್ನಬೇಕೋ ನನಗಂತೂ ತಿಳಿಯದು.

ಗೊತ್ತು ಮಾಡಿದ ದಿನ ಅವನು ಹರಿಹರಕ್ಕೆ ಹೋದ. ಖಲೀಲನ ಅಂಗಡಿಯ ಷಟರ್ ಎಳೆದಿತ್ತು. ಕಚೇರಿಯ ಜಗಲಿಯಲ್ಲಿ ತಾಯಿ ಮಗ ಇಬ್ಬರೂ ಕಾಯುತ್ತಿದ್ದರು. ಖಲೀಲ್ ಶುಕ್ರವಾರದ ನಮಾಜಿಗೆ ಹಾಕುವ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. "ನಮಸ್ಕಾರ್ರಿ ಸಾವ್ಕಾರ್ರೆ" ಎಂದು ಎದ್ದು ನಿಂತ.

ಮೂವರೂ ಒಳಗೆ ಹೋದರು. ಗುಮಾಸ್ತ ಮಹೇಂದ್ರನ ಆಧಾರ್ ಕಾರ್ಡು ತೆಗೆದುಕೊಂಡು, ಎದುರಿನ ಕಾಗದ ನೋಡಿ, ಮತ್ತೆ ಕಾರ್ಡು ನೋಡಿದ. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ನೋಡಿದ.

"ಏನ್ರೀ ಇದು? ಜೀವಭಯ ಐತೆ ಅಂದೋರೂ ನೀವೇ, ಜಾಮೀನು ನಿಲ್ಲೋರೂ ನೀವೇ?"

ಸುತ್ತ ನಿಂತಿದ್ದವರು ಗೊಳ್ಳೆಂದು ನಕ್ಕರು. ಅದು ಬೇರೆ ಮಹೇಂದ್ರ ಎನ್ನುವ ಸುಳ್ಳು ಅವನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಷ್ಟರಲ್ಲಿ ಅವನ ಕಣ್ಣು ಖಲೀಲನ ಮೇಲೆ ಬಿತ್ತು. ಅಷ್ಟು ಜನರ ಮುಂದೆ ಯಜಮಾನನಿಗೆ ಎದುರು ನಿಂತು ಕೂಗಿದ್ದವನು ಈಗ ಕೈಕಟ್ಟಿ, ತಲೆ ತಗ್ಗಿಸಿ, ಗುಮಾಸ್ತನ ಮೇಜಿನ ಮುಂದೆ ಶಾಲೆಯ ಮಗುವಿನ ಹಾಗೆ ನಿಂತಿದ್ದ. ಅವನನ್ನು ಹೀಗೆ ನಿಲ್ಲಿಸಿದವನು ತಾನು.

"ನಾನೇ ಕೊಟ್ಟಿದ್ದು" ಎಂದ. ದನಿ ತನ್ನದಲ್ಲವೇನೋ ಎನ್ನಿಸಿತು. "ಇವ್ನು ನನ್ನ ಬೆದರಿಸಿಲ್ರಿ. ಪಿಸ್ತೂಲಿನ ಲೈಸೆನ್ಸಿಗೆ ಒಂದು ಹೆಸರು ಬೇಕಿತ್ತು. ಇವನ ಅರ್ಧ ಮಾತು ಬರೆಸಿ ಅರ್ಧ ಮುಚ್ಚಿಟ್ಟೆ. ತಪ್ಪು ನಂದು."

ಈಗ ಯಾರೂ ನಗಲಿಲ್ಲ. ಅವನನ್ನು ಸಾಹೇಬರ ಕೋಣೆಗೆ ಕರೆದೊಯ್ದರು. ಅಲ್ಲಿ ಹೇಳಿಕೆ ಬರೆಸಿಕೊಂಡರು, ಕಿವಿ ತುಂಬ ಬೈದರು, ಸುಳ್ಳು ದೂರಿನ ಕೇಸು ನಿನ್ನ ಮೇಲೇ ತಿರುಗಬಹುದು ಎಂದರು. ಖಲೀಲನಿಗೆ ಮುಚ್ಚಳಿಕೆ ಬೇಕಿಲ್ಲ, ಹೆಸರು ಯಾವ ಪಟ್ಟಿಗೂ ಸೇರುವುದಿಲ್ಲ, ಹೋಗಬಹುದು ಎಂದರು. ಪಿಸ್ತೂಲು ಕೈತಪ್ಪಿತು ಎಂದು ಮಹೇಂದ್ರನಿಗೆ ಗೊತ್ತಾಯಿತು. ಆಶ್ಚರ್ಯವೆಂದರೆ ಎದೆಯ ಮೇಲಿನ ಭಾರ ಸ್ವಲ್ಪ ಇಳಿದಂತಿತ್ತು. ಖಲೀಲ್ ಬೈಯಲಿ, ಬೇಕಾದರೆ ಕೆನ್ನೆಗೆ ಹೊಡೆಯಲಿ, ತಾನು ಸುಮ್ಮನೆ ನಿಲ್ಲುತ್ತೇನೆ ಎಂದುಕೊಂಡು ಜಗಲಿಗೆ ಬಂದ. ಒಳ್ಳೆಯವನಾಗುವ ಆತುರದಲ್ಲಿದ್ದ, ಪಾಪ.

"ರಹಮತಮ್ಮ, ನಿಮ್ಮ ಮುಖ ನೋಡಾಕೆ ಆಗ್ತಿಲ್ಲ ನನಗೆ" ಎಂದ. "ನಾನೇ ಅಂತ ನಿಮಗೆ ಗೊತ್ತಿರ್ಲಿಲ್ಲ..."

"ಗೊತ್ತಿತ್ರಿ" ಎಂದಳು ರಹಮತ್ ಬೀ. "ಮೊದಲ್ನೇ ದಿನಾನೇ ನಿಮ್ಮ ಹೆಸರು ಹೇಳೇ ಕೇಳಿದ್ರಂತೆ ಸ್ಟೇಷನ್ನಾಗೆ."

ಮಹೇಂದ್ರ ಕೇಳಿದ: "ಗೊತ್ತಿದ್ದೂ ನನ್ನ ಹತ್ರಾನೇ ಬಂದ್ರಲ್ಲ. ಯಾಕ?"

ಅವಳು ಮಗನ ಮುಖ ನೋಡಿದಳು.

"ಬೇರೆ ಯಾರಾದ್ರೂ ಜಾಮೀನು ನಿಂತ್ರೆ ನಾಳೆ ನೀವು ಇನ್ನೊಂದು ಬರೆಸಬೋದಲ್ರಿ. ನೀವೇ ನಿಂತ್ರೆ ಮತ್ತೆ ಇವನ ಮ್ಯಾಗೆ ಬರೆಸಾಕೆ ಬರಲ್ಲ ಅಂದ್ಕೊಂಡೆ. ಅದೂ ಆಗ್ಲಿಲ್ಲ. ಇವತ್ತು ತಪ್ಪಾತು ಅಂದ್ರಿ, ನಿಮ್ಮ ಮನಸ್ಸು ದೊಡ್ಡದು. ನಾಳೆ ಮತ್ತೆ ಸಿಟ್ಟು ಬಂದ್ರೆ? ನಮಗೆ ನಿಮ್ಮ ಹೆದರಿಕೆ ಐತ್ರಿ ಸಾವ್ಕಾರ್ರೆ. ಏನೂ ತಿಳ್ಕೋಬ್ಯಾಡ್ರಿ."

ಅವಳು ಚುಚ್ಚಲೆಂದು ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ, ಸ್ವಲ್ಪ ಕ್ಷಮೆ ಕೇಳುವ ದನಿಯಲ್ಲೇ ಹೇಳಿದಳು. ಮಹೇಂದ್ರನ ಕಣ್ಣಲ್ಲಿ ನೀರು ತುಂಬಿ ಎದುರಿಗಿದ್ದವರು ಮಸುಕಾದರು. ಒರೆಸಿಕೊಳ್ಳಲೆಂದು ಅಂಗಿ ಸರಿಸಿ ಪ್ಯಾಂಟಿನ ಜೇಬಿಗೆ ಕೈ ಹಾಕಿದ.

ರಹಮತ್ ಬೀ ಚಟ್ಟನೆ ಮಗನ ತೋಳು ಹಿಡಿದು ಹಿಂದಕ್ಕೆ ಎಳೆದಳು. ತಾನು ಅವನ ಮುಂದೆ ಬಂದು, ಎರಡೂ ಕೈ ಅಗಲಿಸಿ ನಿಂತಳು.

ಮಹೇಂದ್ರ ಕರವಸ್ತ್ರವನ್ನು ಮೆಲ್ಲಗೆ ಹೊರಗೆ ತೆಗೆದು, ಅವಳಿಗೆ ಕಾಣುವಂತೆ ಬಿಡಿಸಿ ಹಿಡಿದ. ಅವಳ ಕೈಗಳು ಮಾತ್ರ ಕೆಳಗಿಳಿಯಲಿಲ್ಲ.