ಎಡದೆತ್ತಿನ ಮಾತು

ಮಗು ಅಡ್ಡ ತಿರುಗಿದೆ, ಕಂಬಂನ ಸೂಲಗಿತ್ತಿಯ ಹತ್ತಿರ ಬೇಗ ಒಯ್ಯದಿದ್ದರೆ ತಾಯಿ ಮಗು ಇಬ್ಬರೂ ಉಳಿಯುವುದಿಲ್ಲ ಎಂದು ಗೂಡಲೂರಿನ ಮುದುಕಿಯರು ಹೇಳಿಬಿಟ್ಟಿದ್ದರು. ಕಾಳಿಮುತ್ತು ಹೆಂಡತಿ ಆಂಡಾಳನ್ನು ಅಪ್ಪನ ಕಾಲದ ಗಾಡಿಯಲ್ಲಿ ಮಲಗಿಸಿ, ಎತ್ತು ಹೂಡಿ, "ನಡಿ, ನಡಿ" ಎಂದ. ಬಲಗಾಲಿ ಗೇಣುದ್ದ ಉರುಳಿತು, ಎಡಗಾಲಿ ಅಲ್ಲಾಡಲಿಲ್ಲ. ಕಡಾಣಿ ಕಿತ್ತು ನೋಡಿದ, ಅಚ್ಚಿಗೆ ಹರಳೆಣ್ಣೆ ಸುರಿದ, ಗಾಲಿಗೆ ಹೆಗಲು ಕೊಟ್ಟ. ಆಂಡಾಳ್ ನರಳುವುದು ನಿಂತಾಗಲಂತೂ ಗಾಲಿಯನ್ನೇ ಬಾಯಿಗೆ ಬಂದಂತೆ ಬೈದ.

"ಗಾಲೀನ ಯಾಕಪ್ಪಾ ಬಯ್ತೀಯ?" ಎಂದಳು ಸೊಸೆಯ ತಲೆ ಹಿಡಿದು ಕೂತಿದ್ದ ತಾಯಿ ಪಾಪಮ್ಮಾಳ್. "ಎಡದೆತ್ತು ಯಾರ್ದು?"

"ನಮ್ದು ಕುಂಟ್ತದೆ ಅಂತ ಪಕ್ಕದ್ಮನೆ ಮಾಯಾಂಡೀದು ತಂದು ಹೂಡ್ದೆ, ಅವ್ವಾ."

"ಅದು ಹುಟ್ಟಿದಾಗಿಂದ ತಮಿಳು ಕೇಳಿದ ಎತ್ತು. ನೀನು ನಮ್ಮ ಕನ್ನಡದಲ್ಲಿ ಕೂಗಿದ್ರೆ ಅದಕ್ಕೇನು ತಿಳೀತದೆ, ಮಂಕೇ?"

ಕಾಳಿಮುತ್ತು ಅದರ ಬೆನ್ನು ಸವರಿ, ತಮಿಳಿನಲ್ಲಿ "ಪೋ ರಾಸಾ, ಪೋ" ಎಂದ. ಗಾಡಿ ನೆಟ್ಟಗೆ ಹೊರಟಿತು.

ಒಳಗಿಂದ ಆಂಡಾಳ್ ಮತ್ತೆ ನರಳಿದಳು. ಜೀವ ಇದೆಯೆಂಬ ಆ ಸದ್ದಿಗೇ ಕಿವಿಗೊಟ್ಟು, ಬಲದೆತ್ತಿಗೆ "ನಡಿ", ಎಡದೆತ್ತಿಗೆ "ಪೋ" ಎನ್ನುತ್ತ, ಅವನು ಕಂಬಂ ದಾರಿಯುದ್ದಕ್ಕೂ ಬಾಯಿ ಮುಚ್ಚಲಿಲ್ಲ.