ಲೆಕ್ಕಕ್ಕೆ ಬಾರದ ತೊಳೆಗಳು

ನಾಲ್ಕು ತಿಂಗಳು ನಾನು ದಿನವೂ ಎರಡು ಅಡುಗೆ ಮಾಡಿದೆ. ಒಂದು ಮನೆಯವರಿಗೆ, ಇನ್ನೊಂದು ನನ್ನ ಗಂಡನ ಹೊಟ್ಟೆಗೆ. ಆ ಹೊಟ್ಟೆಗೆ ಖಾರ ಆಗದು, ಹುಳಿ ಆಗದು, ಎಣ್ಣೆ ಆಗದು. ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ, ಕಾಫಿ, ಟೀ ಯಾವುದೂ ಆಗದು. ಬೇಯಿಸಿದ ಕುಂಬಳ, ಬೇಯಿಸಿದ ಸೋರೆ, ಮೆತ್ತಗಿನ ಅನ್ನ, ಅದೂ ಸ್ವಲ್ಪ ಸ್ವಲ್ಪವೇ, ದಿನಕ್ಕೆ ಐದು ಸಲ. ಪರದೆ ಹೊಲಿಯುವ ಅಂಗಡಿಯಲ್ಲಿ ಎಂಟು ಗಂಟೆ ಮೆಷಿನ್ ತುಳಿದು ಬಂದು ಇದನ್ನೆಲ್ಲ ಬೇಸರಿಸದೆ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಬೇಸರಿಸಿಕೊಂಡೇ ಮಾಡಿದೆ. ಆದರೆ ಮಾಡಿದೆ.

ಮಾಡಿದ್ದು ಅವರ ಗಂಟಲಿಗಾಗಿ. ನನ್ನ ಗಂಡ ಹಣ್ಣಿನ ಮಂಡಿಯಲ್ಲಿ ಹರಾಜು ಕೂಗುವವರು. ಅಲ್ಲಿ ಎಲ್ಲರೂ ಅವರನ್ನು ‘ಗಂಟೆ’ ಎಂದೇ ಕರೆಯುತ್ತಾರೆ. ಅವರು ಒಮ್ಮೆ ಕೂಗಿದರೆ ಹಿಂದಿನ ಗೇಟಿನಲ್ಲಿ ಲಾರಿ ಇಳಿಸುವವರಿಗೂ ಕೇಳಿಸುತ್ತಿತ್ತು. ಆ ದನಿ ಒಡೆಯತೊಡಗಿತು. ಮೊದಲು ಬೆಳಗಿನ ಕೆಮ್ಮು, ಆಮೇಲೆ ಎದೆಯುರಿ, ಹುಳಿತೇಗು, ಕೊನೆಗೆ ಹತ್ತು ಲಾಟು ಹಣ್ಣು ಕೂಗುವಷ್ಟರಲ್ಲಿ ಗಂಟಲು ಕಟ್ಟುವುದು. ಡಾಕ್ಟರಮ್ಮ ಸಣ್ಣ ಕೊಳವೆ ಇಳಿಸಿ ನೋಡಿ, ಹೊಟ್ಟೆಯ ಆಸಿಡ್ ಮೇಲೆ ಬಂದು ಧ್ವನಿಪೆಟ್ಟಿಗೆಯನ್ನು ಸುಡುತ್ತಿದೆ, ಹೀಗೇ ಬಿಟ್ಟರೆ ದನಿಯೇ ಹೋದೀತು ಎಂದರು. ಮಂಡಿಯ ಯಜಮಾನರು ಒಳ್ಳೆಯವರೇ. ಆದರೆ ಕೂಗಲಾಗದವರನ್ನು ಹರಾಜುಕಟ್ಟೆಯ ಮೇಲೆ ನಿಲ್ಲಿಸಿಕೊಂಡು ಅವರೇನು ಮಾಡಿಯಾರು? ಕಾದರು, ಕಾದರು, ಕೊನೆಗೆ ಈ ತಿಂಗಳ ಕೊನೆಯವರೆಗೆ ಮಾತ್ರ ನೋಡುತ್ತೇನೆ ಎಂದುಬಿಟ್ಟರು.

ಮಾತ್ರೆ ಬಂತು. ಮಂಚದ ತಲೆಕಡೆಯ ಕಾಲುಗಳಿಗೆ ಎರಡೆರಡು ಇಟ್ಟಿಗೆ ಬಂತು. ಅವರು ಮೇಲೆ ಹಾಯಾಗಿ ಮಲಗುತ್ತಿದ್ದರು, ನಾನು ಬೆಳಗಾಗುವಷ್ಟರಲ್ಲಿ ಜಾರಿ ಕಾಲ್ದೆಸೆಯಲ್ಲಿ ಮುದುಡಿಕೊಂಡಿರುತ್ತಿದ್ದೆ. ಒಂದು ನೋಟ್‌ಬುಕ್ಕೂ ಬಂತು. ಬಾಯಿಗೆ ಹೋದದ್ದನ್ನೆಲ್ಲ ಅದರಲ್ಲಿ ಬರೆಯಬೇಕೆಂದು ಡಾಕ್ಟರಮ್ಮನ ಅಪ್ಪಣೆ. ಬರೆದದ್ದು ಯಾರು ಎಂದು ಕೇಳಲೇಬೇಡಿ.

ಉರಿ ಇಳಿಯಲಿಲ್ಲ. ನಾಲ್ಕನೆಯ ತಿಂಗಳು ಡಾಕ್ಟರಮ್ಮ ನೋಟ್‌ಬುಕ್ ತಿರುವಿ, “ಇಷ್ಟು ಪಥ್ಯ ಮಾಡಿದ್ರೆ ಇಷ್ಟೊತ್ತಿಗೆ ಕಡಿಮೆ ಆಗ್ಬೇಕಿತ್ತು. ಏನೋ ಒಂದು ಇದ್ರಲ್ಲಿ ಬರೀದೆ ಬಿಟ್ಟುಹೋಗಿದೆ” ಎಂದರು. ಅವರು ಹೇಳಿದ್ದು ಅಷ್ಟೇ. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಗಂಡ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದರು. ಆ ತಲೆಯೊಳಗೆ ಏನು ಬೇಯುತ್ತಿದೆ ಎಂದು ನನಗೆ ಗೊತ್ತಾಗಲಿಲ್ಲ.

ಗೊತ್ತಾದದ್ದು ಆ ಭಾನುವಾರ ಮಧ್ಯಾಹ್ನದ ಊಟಕ್ಕೆ ಕೂತಾಗ. ಅತ್ತೆ ಇದ್ದರು, ಮೈದುನ ಮತ್ತು ಅವನ ಹೆಂಡತಿ ಬಂದಿದ್ದರು. ಕುಂಬಳದ ಮೊದಲ ತುತ್ತು ಬಾಯಿಗಿಟ್ಟವರೇ ನನ್ನ ಗಂಡ ಎದ್ದು ಹೋಗಿ, ಎಲ್ಲರಿಗೂ ಕೇಳಿಸುವಂತೆ ಸಿಂಕಿನಲ್ಲಿ ಉಗಿದರು.

“ಏನ್ ಹಾಕಿದ್ದೀಯ ಇದಕ್ಕೆ?”

“ಉಪ್ಪು.”

“ಸುಳ್ಳು ಹೇಳ್ಬೇಡ. ಏನೋ ಬರೀದೆ ಬಿಟ್ಟಿದೆ ಅಂತ ಡಾಕ್ಟ್ರೇ ಹೇಳಿದ್ರು. ಮಾಡೋಳೂ ನೀನು, ಬರೆಯೋಳೂ ನೀನು. ನನಗೆ ನಿಜವಾಗ್ಲೂ ಉರಿ ಇದೆಯೋ ಇಲ್ವೋ ಅಂತ ಪರೀಕ್ಷೆ ಮಾಡ್ತಿದ್ದೀಯಾ?”

ಮೈದುನ ತಟ್ಟೆ ನೋಡಿಕೊಂಡ. ಅವನ ಹೆಂಡತಿ ಸುಮ್ಮನೆ ನೀರು ಕುಡಿದಳು. ಅತ್ತೆ ಮಾತ್ರ, “ಇವಳಿಗೆ ಮೊದಲಿಂದ್ಲೂ ಕೈ ಖಾರ ಕಣೋ. ಹಾಕ್ಬಾರ್ದು ಅಂದ್ಕೊಂಡ್ರೂ ಬಿದ್ಬಿಡುತ್ತೆ” ಎಂದು ನನ್ನ ಪರ ವಹಿಸಿದರು. ಇಂಥ ಪರ ಯಾರಿಗೂ ಬೇಡ. ನನ್ನ ಮೈಯೆಲ್ಲ ಉರಿದುಹೋಯಿತು. ಎದ್ದು ಅವರ ತಟ್ಟೆಯನ್ನು ಎಳೆದುಕೊಂಡು, ಅಷ್ಟೂ ಕುಂಬಳವನ್ನು ಅವರೆದುರೇ ತಿಂದೆ.

ಮರುದಿನದಿಂದ ಅತ್ತೆಯೇ ಒಲೆಯ ಮುಂದೆ ನಿಂತರು. ಒಂದು ವಾರ ಮಗನಿಗೆ ಕೈಯಾರೆ ಸೋರೆಕಾಯಿ ಬೇಯಿಸಿ ಹಾಕಿದರು. ಎದೆಯುರಿ ಒಂದಿಷ್ಟೂ ಕದಲಲಿಲ್ಲ. ಈಗಲಾದರೂ ಅತ್ತೆಯ ಬಾಯಿಂದ ನಿನ್ನ ತಪ್ಪಲ್ಲ ಎಂಬ ಒಂದು ಮಾತು ಬಂದೀತು ಎಂದು ಕಾದೆ. ಬಂತು.

“ಈ ಪಾತ್ರೆಗಳಲ್ಲೇ ಖಾರ ಇಳಿದ್ಬಿಟ್ಟಿದೆ. ಇಷ್ಟು ವರ್ಷ ಇವಳು ಮಾಡಿದ್ದು ಇವುಗಳಲ್ಲೇ ತಾನೆ?”

ಮನೆಗೆ ಹೊಸ ಪಾತ್ರೆಗಳು ಬಂದವು.

ತಿಂಗಳು ಮುಗಿಯಲು ಐದೇ ದಿನ ಉಳಿದಿತ್ತು. ಅಂಗಡಿಗೆ ಅರ್ಧ ದಿನ ರಜೆ ಹೇಳಿ, ಬೆಳಿಗ್ಗೆ ಆರೂವರೆಗೆ ನಾನು ಅವರ ಹಿಂದೆಯೇ ಮಂಡಿಗೆ ಹೋದೆ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಅದರೊಳಗೆ ಕಾಲಿಟ್ಟಿರಲಿಲ್ಲ. ಹೊರಗೆ ಎಲ್ಲೋ ಕದ್ದು ಕರಿದದ್ದು ತಿನ್ನುತ್ತಿದ್ದಾರೆ ಎಂದು ನನ್ನ ಗುಮಾನಿ. ತಟ್ಟೆಯ ಸಮೇತ ಹಿಡಿಯಬೇಕೆಂಬ ಹಟ.

ಕದಿಯುವುದೇನು ಬಂತು, ನೂರು ಜನರ ಮುಂದೆ, ಕಟ್ಟೆಯ ಮೇಲೆ ನಿಂತು ತಿನ್ನುತ್ತಿದ್ದರು. ಕಿತ್ತಳೆಯ ಲಾಟು ಬಂತು. ಕ್ರೇಟಿನ ತಳಕ್ಕೆ ಕೈ ಹಾಕಿ ಒಂದು ಹಣ್ಣು ತೆಗೆದು, ಚಾಕುವಿನಲ್ಲಿ ಸೀಳಿ, ಒಂದು ತೊಳೆ ಬಾಯಿಗೆ ಹಾಕಿ ಅಗಿದರು, ನುಂಗಿದರು, “ಸಿಹಿ ಇದೆ, ರಸ ಇದೆ!” ಎಂದು ಕೂಗಿ ಹರಾಜು ಶುರು ಮಾಡಿದರು. ವ್ಯಾಪಾರಿಗಳು ಆ ನಾಲಿಗೆಯನ್ನು ನಂಬಿ ಕೈ ಎತ್ತುತ್ತಿದ್ದರು. ಮುಂದಿನ ಲಾಟಿಗೆ ಇನ್ನೊಂದು ತೊಳೆ. ಮೋಸಂಬಿಗೆ ಒಂದು, ದ್ರಾಕ್ಷಿಗೆ ನಾಲ್ಕು ಕಾಳು, ಅನಾನಸಿಗೆ ಒಂದು ಹೋಳು. ನಾನು ಕಂಬಕ್ಕೆ ಒರಗಿ ಎಣಿಸಿದೆ. ಖಾಲಿ ಹೊಟ್ಟೆಗೆ ಮೂವತ್ತೇಳು ಸಲ ಹುಳಿ. ಅಷ್ಟರಲ್ಲಿ ದನಿ ಹಳೆಯ ಬಟ್ಟೆ ಹರಿದಂತೆ ಆಗಿತ್ತು.

ನಾನು ಸೀದಾ ಕಟ್ಟೆಯ ಹತ್ತಿರ ಹೋದೆ.

“ಇದೇನ್ರೀ ಇದು?”

“ನೀನ್ಯಾಕೆ ಬಂದೆ ಇಲ್ಲಿಗೆ?”

“ನೀವು ತಿನ್ನೋದು ನೋಡೋಕೆ. ಬೆಳಗ್ಗೆಯಿಂದ ಒಂದೇ ಸಮ ಕಿತ್ತಳೆ, ಅನಾನಸು ತಿಂತಾನೇ ಇದ್ದೀರಲ್ಲ!”

“ತಿಂತಿದ್ದೀನಾ?” ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. “ಇದು ಕೆಲಸ ಕಣೇ. ರುಚಿ ನೋಡೋದು. ಮನೆಗೆ ಒಂದು ಹಣ್ಣಾದ್ರೂ ತಂದಿದ್ದೀನಾ ನಾನು?”

“ನುಂಗ್ತಿದ್ದೀರಲ್ಲ! ಅಗಿದು ಉಗಿಯೋಕೇನು?”

“ಬೆಳೆದವ್ರು ಎದುರಿಗೇ ನಿಂತಿರ್ತಾರೆ. ಅವ್ರ ಹಣ್ಣು ಉಗಿಯೋಕಾಗುತ್ತಾ? ಎಷ್ಟು ಅವಮಾನ ಅವ್ರಿಗೆ! ಮೂವತ್ತು ವರ್ಷದಲ್ಲಿ ಯಾರ ಹಣ್ಣನ್ನೂ ನಾನು ಉಗಿದಿಲ್ಲ.”

ಸುಳ್ಳು ಹೇಳಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಗುರುತಿಲ್ಲದವರ ಮನಸ್ಸು ನೋಯಬಾರದೆಂದು ಮೂವತ್ತು ವರ್ಷ ನುಂಗಿದ ಮನುಷ್ಯ ಇವರು.

“ಯಾರ ಹಣ್ಣನ್ನೂ ಉಗಿದಿಲ್ಲ, ನನ್ನ ಅಡುಗೆ ಉಗಿದ್ರಿ” ಎಂದೆ. ನನ್ನ ದನಿ ಹಿಂದಿನ ಗೇಟಿನವರೆಗೆ ಹೋಗಿರಬೇಕು, ಲಾರಿಯವರು ತಿರುಗಿ ನೋಡಿದರು. ಇವರು ಕೈಯಲ್ಲಿದ್ದ ಚಾಕುವನ್ನೇ ನೋಡುತ್ತ ನಿಂತರು.

ಅನಾನಸು ತಂದಿದ್ದ ಅಜ್ಜಿಯೊಬ್ಬರು ಮುಂದೆ ಬಂದರು. “ಅಯ್ಯೋ, ನೀನು ಉಗಿದ್ರೆ ನಮಗೇನಪ್ಪ ಅವಮಾನ? ಹಣ್ಣು ಹೇಗಿದೆ ಅಂತ ಸರಿಯಾಗಿ ಕೂಗಿದ್ರೆ ಸಾಕು. ನೀನು ಅಷ್ಟೊಂದು ನುಂಗೋದು ನೋಡಿ, ಪಾಪ, ಹೆಂಡತಿ ಬೆಳಿಗ್ಗೆ ಏನೂ ಹಾಕದೆ ಕಳಿಸ್ತಾಳೇನೋ ಅಂದ್ಕೊಂಡಿದ್ದೆ.”

ಮಂಡಿಯೆಲ್ಲ ನಕ್ಕಿತು. ನಾನು ನಗಲಿಲ್ಲ. ಊರಿಗೆ ಊರೇ ಸೇರಿ ನನ್ನ ಅಡುಗೆಮನೆಯ ಮೇಲೆ ತೀರ್ಪು ಕೊಟ್ಟಿತ್ತಲ್ಲ!

ಯಾರೋ ಒಂದು ಖಾಲಿ ಡಬ್ಬಿ, ಒಂದು ಚೊಂಬು ನೀರು ತಂದಿಟ್ಟರು. ಉಳಿದ ಲಾಟುಗಳಿಗೆ ಇವರು ಅಗಿದರು, ಉಗಿದರು, ಬಾಯಿ ಮುಕ್ಕಳಿಸಿದರು. ಒಬ್ಬ ಬೆಳೆಗಾರನೂ ಮುಖ ಸಿಂಡರಿಸಲಿಲ್ಲ. ಹರಾಜು ಮುಗಿದ ಮೇಲೆ ಇಳಿದು ಬಂದು ಮೆಲ್ಲಗೆ, “ತಪ್ಪಾಯ್ತು ಕಣೇ, ಬಿಡು” ಎಂದರು.

“ಇಲ್ಲಿ ಬೇಡ. ಯಾರ ಮುಂದೆ ಅಂದ್ರೋ ಅವ್ರ ಮುಂದೆ ಹೇಳಿ. ಅಲ್ಲೀವರೆಗೆ ನಿಮ್ಮ ಸೋರೆಕಾಯಿ ನೀವೇ ಬೇಯಿಸ್ಕೊಳ್ಳಿ.”

ಬೇಯಿಸಿಕೊಂಡರು. ಮೂರನೆಯ ದಿನ ಬೆಳಿಗ್ಗೆ ಕೆಮ್ಮಿಲ್ಲದೆ ಎದ್ದರು. ಡಾಕ್ಟರಮ್ಮ ಇನ್ನು ದನಿ ಉಳಿಯುತ್ತದೆ ಎಂದರು, ಹರಾಜಿನ ಹೊತ್ತು ಬಿಟ್ಟು ಬೇರೆ ಯಾವಾಗಲೂ ಜೋರಾಗಿ ಮಾತಾಡಕೂಡದು ಎಂದರು. ಯಜಮಾನರು ಇನ್ನೆರಡು ತಿಂಗಳು ಕೊಟ್ಟರು.

ಮುಂದಿನ ಭಾನುವಾರ ಅದೇ ಜನ, ಅದೇ ಮೇಜು. ಇವರು ಗಂಟಲು ಸರಿಮಾಡಿಕೊಂಡು ಪಿಸುಗುಟ್ಟಿದರು: “ಇವಳು ಊಟಕ್ಕೆ ಏನೂ ಹಾಕಿರ್ಲಿಲ್ಲ. ತಪ್ಪು ನಂದು.”

“ಏನಂದೆ?” ಎಂದರು ಅತ್ತೆ.

ಇನ್ನೊಮ್ಮೆ ಹೇಳಿದರು. “ಕೇಳಿಸ್ಲಿಲ್ಲಪ್ಪ” ಎಂದರು ಅತ್ತೆ.

“ಅಣ್ಣನಿಗೆ ಗಂಟಲು ನೋವು, ಬಿಡಿ ಅತ್ತಿಗೆ” ಎಂದ ಮೈದುನ.

“ನೋಯಲಿ. ಅಮ್ಮನಿಗೆ ಕೇಳಿಸಿಲ್ಲವಂತೆ” ಎಂದೆ.

ಮೂರನೆಯ ಸಲ ಇವರು ಲಾಟು ಕೂಗುವ ಹಾಗೆಯೇ ಕೂಗಿದರು. ದನಿ ನಡುವೆ ಒಡೆಯಿತು, ಆದರೂ ಪಕ್ಕದ ಮನೆಗೂ ಕೇಳಿಸಿತು.

“ಸರಿ ಸರಿ, ಕೇಳಿಸ್ತು. ಮನೆ ಅಂದ್ಮೇಲೆ ಇದೆಲ್ಲ ಇದ್ದದ್ದೇ” ಎಂದು ಅತ್ತೆ ಅನ್ನದ ಪಾತ್ರೆಗೆ ಕೈ ಚಾಚಿದರು.

ನಾನು ಪಾತ್ರೆಯನ್ನು ನನ್ನ ಕಡೆ ಸರಿಸಿಕೊಂಡೆ.

“ಈಗ ನೀವೂ ಹೇಳಿ, ಅತ್ತೆ” ಎಂದೆ.