ಅಕ್ಕನ ಪಕ್ಕೆಯ ಗೆರೆ

ಮದುವಣಗಿತ್ತಿಯ ಮೊಡವೆ, ಅಜ್ಜನ ಹಣೆಯ ನರಹುಲಿ, ದಾವಣಗೆರೆ ಕೆ.ಬಿ. ಬಡಾವಣೆಯ ಕೊಟ್ಟೂರೇಶನ ಸ್ಟುಡಿಯೋದಲ್ಲಿ ಯಾವುದೂ ಫೋಟೋದಲ್ಲಿ ಉಳಿಯುತ್ತಿರಲಿಲ್ಲ. ಗಿರಾಕಿ ಕೇಳಬೇಕೆಂದೇನೂ ಇಲ್ಲ, ಕೈ ತಾನಾಗಿಯೇ ಮೌಸ್ ಹಿಡಿದು ಒರೆಸಿಬಿಡುತ್ತಿತ್ತು. ಹೊಟ್ಟೆಪಾಡಿನ ಚಟ, ಏನು ಮಾಡೋದು!

ಇಂಥವನ ಒಂದು ಚಿತ್ರ ಊರಿನ ಫೋಟೋ ಪ್ರದರ್ಶನಕ್ಕೆ ಆಯ್ಕೆಯಾಯಿತು. ಪಾಸ್‌ಪೋರ್ಟ್ ಸೈಜಿನಲ್ಲೇ ಆಯುಷ್ಯ ಸವೆಸಿದವನಿಗೆ ಇದೇನು ಸಣ್ಣ ಮಾತೇ? ಚಿತ್ರದಲ್ಲಿದ್ದವಳು ಹರಿಹರದ ಅಕ್ಕ ಬಸವಣ್ಣೆಮ್ಮ. ಮಾಳಿಗೆಯ ಮೇಲೆ ಕೈಯೆತ್ತಿ ಸೀರೆ ಒಣಹಾಕುತ್ತಿದ್ದಾಳೆ, ಎಳೆಬಿಸಿಲು ಮುಖದ ಮೇಲೆ ಬಿದ್ದಿದೆ. ಹಿಂದಿನ ವರ್ಷ ತಮ್ಮನಿಗೆ ಒಂದು ಕಿಡ್ನಿ ಕೊಟ್ಟವಳು ಇವಳೇ. ಅದಕ್ಕೆ ಪ್ರತಿಯಾಗಿ ಅವನು ಏನು ತಂದರೂ ಮುಟ್ಟಿರಲಿಲ್ಲ. ಈ ಫೋಟೋವನ್ನಾದರೂ ಅವಳು ಮೆಚ್ಚಬೇಕು, ಅವಳು ಹೂಂ ಅಂದರಷ್ಟೇ ಗೋಡೆಗೆ ಹಾಕುವುದು ಎಂದು ಕೊಟ್ಟೂರೇಶ ನಿಶ್ಚಯಿಸಿಕೊಂಡಿದ್ದ. ಫ್ರೇಮು ಹಾಕಿಸಿ, ಬಸ್ಸಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ಹರಿಹರಕ್ಕೆ ತಂದ.

ಬಸವಣ್ಣೆಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಂಡು ನೋಡಿದಳು.

"ಚಂದ ಬಂದೈತೆ. ಇಲ್ಲಿ ಪಕ್ಕೆಗೆ ಆಪರೇಶನ್ ಗೆರೆ ಇತ್ತಲ್ಲೋ, ಎಲ್ಲಿ ಹೋತು?"

ಕೊಟ್ಟೂರೇಶ ಬಗ್ಗಿ ನೋಡಿದ. ಒರೆಸಿದ್ದು ಅವನಿಗೇ ನೆನಪಿರಲಿಲ್ಲ.

"ಕೈ ಚಟ ಅಕ್ಕ, ತಿಳೀದಂಗೆ ತೆಗೆದುಬಿಟ್ಟೀನಿ."

"ಆಹಾ, ಏನ್ ಜಾಣನಪ್ಪಾ! ನಾ ಕೊಟ್ಟಿದ್ದಕ್ಕೆ ನನ್ ಮೈಮ್ಯಾಲೆ ಇರೋದು ಅದೊಂದೇ ಗುರುತು. ಅದನ್ನೂ ಒರೆಸಿ ಹಾಕಿದ್ಯಾ? ಇದನ್ನ ಹಾಕಬ್ಯಾಡ, ಇದು ನಾನಲ್ಲ."

ಅವಳು ಫ್ರೇಮನ್ನು ಗೋಡೆಗೆ ಮುಖ ಮಾಡಿ ಇಟ್ಟುಬಿಟ್ಟಳು. ಕೊಟ್ಟೂರೇಶನಿಗೆ ಅಳುವೇ ಬಂದಂತಾಯಿತು.

"ಒರೆಸದ ಮೊದಲಿನ ಫೋಟೋ ಹಂಗೇ ಐತೆ ಅಕ್ಕ, ಅದನ್ನೇ ಹಾಕ್ತೀನಿ. ಆದ್ರೆ ಮಂದಿ ಕೇಳ್ತಾರೆ, ನಿನಗ ನಾಚಿಕೆ ಆಗಲ್ಲೇನು?"

"ನಾಚಿಕೆ ಯಾಕ? ಕದ್ದು ತಂದಿದ್ದೇನು? ಅದಿರ್ಲಿ, ನಂದು ಎಲ್ಲಿ ಹೋಗಿ ಕುಂತೈತೆ ಅಂತ ಒಂದಿನನಾದ್ರೂ ತೋರಿಸಿದ್ಯಾ?"

ತೋರಿಸಿರಲಿಲ್ಲ. ಅವಳು ಕೇಳಿರಲಿಲ್ಲ, ಇವನಿಗೆ ಸಂಕೋಚ. ಈಗ ಮುಜುಗರಪಡುತ್ತಲೇ ಅಂಗಿಯ ಕೆಳಗಿನ ಗುಂಡಿ ಬಿಚ್ಚಿದ. ಬಲ ಕಿಬ್ಬೊಟ್ಟೆಯಲ್ಲಿ ಬಾಗಿದ ಗೆರೆ, ಅದರಡಿ ತುಸು ಉಬ್ಬು.

"ಅಯ್ಯ, ಬೆನ್ನಾಗ ಇಟ್ಟಾರೆ ಅಂದ್ಕಂಡಿದ್ದೆ. ಮುಂದ ಬಂದು ಕುಂತೈತಲ್ಲೋ!" ಬಸವಣ್ಣೆಮ್ಮ ಬಾಯಿ ತುಂಬ ನಕ್ಕಳು. ಆಮೇಲೆ ಅಂಗೈಯನ್ನು ಮೆಲ್ಲಗೆ ಅದರ ಮೇಲಿಟ್ಟಳು. ತಾನು ಬದುಕಿರುವುದು ಇವಳಿಂದ ಎಂದು ಕೊಟ್ಟೂರೇಶನಿಗೆ ಮೊದಲೂ ಗೊತ್ತಿತ್ತು, ಆದರೆ ಇಷ್ಟು ಸಂತೋಷವಾಗಿದ್ದು ಇವತ್ತೇ.

"ಗೆರೆ ಇರೋದನ್ನೇ ಹಾಕು. ನಾನೂ ನೋಡಾಕ ಬರ್ತೀನಿ," ಎಂದಳು. ಕೈ ತೆಗೆದಿರಲಿಲ್ಲ. "ಬೆಳಿಗ್ಗಿಂದ ನೀರು ಕುಡಿದಿಯೇನು?"

"ಫೋಟೋ ಗಡಿಬಿಡ್ಯಾಗ ಮರ್ತೆ ಅಕ್ಕ."

"ಮರ್ತ್ಯಾ? ನೀನ್ ಬೇಕಾದ್ರೆ ಬಾಯಾರಿ ಕೂಡು. ಅದನ್ನ ಒಣಗಿಸಬ್ಯಾಡ, ಅದು ನಮ್ಮನೇದು."

ಬೈಯುತ್ತಲೇ ಒಳಗೆ ಹೋಗಿ ತುಂಬಿದ ಚೊಂಬು ತಂದು ಅವನ ಕೈಗಿಟ್ಟಳು. ಅದು ಬರಿದಾಗುವ ತನಕ ಎದುರಿಗೇ ನಿಂತಿದ್ದಳು.